ಮಾರುವ ಮನೆಯ ಅಂಗಳದಲ್ಲಿ ಡೇರೆ ಹೂ

ಶ್ರಾವಣದಲ್ಲಿ ಶಿರಸಿಗೆ ಹೋಗಿದ್ದೀರಾ? ಹೋಗಿಲ್ಲವಾದರೆ ಒಂದು ಸಲ ಹೋಗಿ ಬನ್ನಿ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಗೆಂದು ಹೋಗುವವರು ಬಹಳ ಮಂದಿ. ನಾನು ಹೇಳ್ತಿರೋದು ಜಾತ್ರೆಯ ಶಿರಸಿಯಲ್ಲ, ಮಳೆಗಾಲದ ಶಿರಸಿ. ಹಾವೇರಿಯಿಂದ ಬಸ್ಸು ಹತ್ತಿದರೆ ಹಾನಗಲ್ ದಾಟುವವರೆಗೂ ಬಯಲು, ಮೆಕ್ಕೆಜೋಳ, ಭತ್ತದ ಗದ್ದೆ. ಅಲ್ಲಿಂದಾಚೆಗೆ ಕಾಡು ಶುರು. ಬಸ್ಸಿನ ಕಿಟಕಿಯ ಪರದೆ ಎಳೆದುಕೊಳ್ಳಬೇಕು, ಅಷ್ಟು ಇರಚಲು. ಊರು ಹತ್ತಿರವಾದ ಹಾಗೆ ಅಡಿಕೆ ತೋಟ, ಹೆಂಚಿನ ಮನೆ. ಹೆಚ್ಚುಕಡಿಮೆ ಪ್ರತಿ ಮನೆಯ ಮುಂದೂ ಒಂದು ಸಾಲು ಡೇರೆ ಹೂ! ಕೆಂಪು, ಹಳದಿ, ನೇರಳೆ, ಬಿಳಿ ತುದಿಯ ಗುಲಾಬಿ, ಒಂದೊಂದೂ ಊಟದ ಬಟ್ಟಲಿನಷ್ಟು ಅಗಲ. ಮುಗಿಲು ಕಪ್ಪಿಟ್ಟು ಹಗಲೇ ಸಂಜೆಯಾದಾಗಲೂ ಅಂಗಳದಲ್ಲಿ ದೀಪ ಹಚ್ಚಿಟ್ಟ ಹಾಗೆ ಕಾಣುತ್ತವೆ.

ಅಂಥದೊಂದು ಅಂಗಳದ ಮನೆ ನನ್ನ ತವರು. ಕಳೆದ ವರ್ಷ ಅದನ್ನು ಮಾರಿದೆವು. ಆ ಕಥೆಯನ್ನೇ ನಿಮಗೆ ಹೇಳಬೇಕು ಅಂತ ಕೂತಿದ್ದೇನೆ. ನಿಮ್ಮಲ್ಲೂ ಯಾರಾದರೂ ಇವತ್ತೋ ನಾಳೆಯೋ ಹಳೇ ಮನೆ ಮಾರಬೇಕಾದೀತು. ನಾನು ಕಲಿತದ್ದು ನಿಮಗೆ ಉಪಯೋಗಕ್ಕೆ ಬಂದರೆ ಬರಲಿ.

ಆಯಿ ಹೋದ ಮೇಲೆ ಒಂದೂವರೆ ವರ್ಷ ಮನೆಗೆ ಬೀಗ ಹಾಕಿತ್ತು. ಅಣ್ಣ ಪುಣೆಯಲ್ಲಿ, ತಮ್ಮ ಬೆಂಗಳೂರಿನಲ್ಲಿ, ನಾನು ಹಾವೇರಿಯಲ್ಲಿ. ಮಾರುವುದೆಂದು ಮೂವರೂ ಒಪ್ಪಿದೆವು. ಒಪ್ಪಿದ್ದೇನೋ ಸರಿ, ಕೊಳ್ಳುವವರು ಬೇಕಲ್ಲ? ಮಾರ್ಚಿಯಲ್ಲಿ ಒಬ್ಬರು ಬಂದರು. ಗೇಟಿನ ಹತ್ತಿರ ನಿಂತು, "ಬಹಳ ಹಳೇದಾಯ್ತು ಬಿಡಿ" ಅಂತ ಒಳಗೂ ಬಾರದೆ ಹೋದರು. ಏಪ್ರಿಲಿನಲ್ಲಿ ಇನ್ನೊಬ್ಬರು. ಅವರು ಜಗುಲಿಯವರೆಗೆ ಬಂದರು. ನಾವು ಕೇಳಿದ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೇಳಿ, "ಬರೀ ಜಾಗದ ಬೆಲೆ ಇದು, ಮನೆ ಕೆಡವೋದೇ" ಅಂದರು.

ಕೆಡವೋದೇ! ನನಗೆ ಕಣ್ಣಲ್ಲಿ ನೀರು ಬಂತು. ಒಳಗೆ ಹಲಸಿನ ಮರದ ಕಂಬ, ಅಡುಗೆಮನೆಯಲ್ಲಿ ಒಂದು ಹೆಂಚೂ ಒಡೆದಿರದ ಮಾಡು, ಬೇಸಿಗೆಯಲ್ಲೂ ಬತ್ತದ ಬಾವಿ. ಯಾರೂ ನೋಡಲೇ ಇಲ್ಲ.

ಆ ದಿನ ಸಂಜೆ ಪಕ್ಕದ ಮನೆಯ ಅಕ್ಕನ ಹತ್ತಿರ ಗೋಳು ಹೇಳಿಕೊಂಡೆ. ಆಕೆಗೆ ಎಪ್ಪತ್ತು ದಾಟಿದೆ, ಆಯಿಯ ಗೆಳತಿ. ಬಾ ಇಲ್ಲಿ ಅಂತ ಕೈ ಹಿಡಿದು ರಸ್ತೆಗೆ ಕರೆದುಕೊಂಡು ಹೋಗಿ, ನಮ್ಮ ಗೇಟಿನ ಎದುರು ನಿಲ್ಲಿಸಿದರು. "ಈಗ ನೋಡು. ನೀನೇ ಕೊಳ್ಳಕ್ಕೆ ಬಂದಿದ್ದೆ ಅಂತ ತಿಳ್ಕೊ. ಎಂತ ಕಾಣ್ತು?"

ನೋಡಿದೆ. ತುಕ್ಕು ಹಿಡಿದು ಒಂದು ಕಡೆ ಜೋತ ಗೇಟು. ಮೆಟ್ಟಿಲ ಮೇಲೆ ಒಣಗಿ ಕರಿಗಟ್ಟಿದ ಹಾವಸೆ. ಮೊಣಕಾಲೆತ್ತರ ಒಣಹುಲ್ಲು. ತುಳಸಿಕಟ್ಟೆಯಲ್ಲಿ ತುಳಸಿಯೇ ಇಲ್ಲ. ಮನೆ ಹಳೆಯದಾಗಿ ಕಾಣುತ್ತಿರಲಿಲ್ಲ ಕಣ್ರೀ, ಅನಾಥವಾಗಿ ಕಾಣುತ್ತಿತ್ತು.

ಹೂವಿಗಿಂತ ಮೊದಲು ಪೊರಕೆ

ನಾವು ಹೆಂಗಸರಿಗೆ ಒಳಗಿನ ಮನೆಯೇ ಮನೆ. ಡಬ್ಬಿ ಉಜ್ಜುತ್ತೇವೆ, ಗೋಡೆಗೆ ಸುಣ್ಣ ಹೊಡೆಸುತ್ತೇವೆ. ಕೊಳ್ಳಲು ಬಂದವರು ಮೊದಲು ನೋಡುವುದು ಗೇಟಿನಿಂದ ಹೊಸ್ತಿಲಿನವರೆಗಿನ ಹತ್ತು ಹದಿನೈದು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಮನಸ್ಸು ಅರ್ಧ ತೀರ್ಮಾನ ಮಾಡಿರುತ್ತದೆ. ಅಂಗಳ ಹಸನಾಗಿದ್ದರೆ "ಇವರು ಮನೆ ನೋಡಿಕೊಂಡಿದ್ದಾರೆ" ಅನ್ನುವ ನಂಬಿಕೆ ಮೂಡುತ್ತದೆ. ಇಲ್ಲದಿದ್ದರೆ ಒಳಗೆ ಬಂದವರು ಬರೀ ಕುಂದು ಹುಡುಕುತ್ತಾರೆ.

ಮೇ ಕೊನೆಯ ವಾರ ರಜೆಯಲ್ಲಿದ್ದ ಮಗಳನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಅಲ್ಲಿಯೇ ಉಳಿದೆ. ಹುಲ್ಲು ಕೀಳಿಸಿದೆ. ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಂತಿಯ ಬ್ರಶ್ಶಿನಿಂದ ಉಜ್ಜಿದೆವು. ಮಲೆನಾಡಿನಲ್ಲಿ ಇದನ್ನು ಮಳೆಗೆ ಮೊದಲೇ ಮಾಡಬೇಕು, ಬಂದವರು ಜಾರಿ ಬಿದ್ದರೆ ವ್ಯಾಪಾರ ಅಲ್ಲಿಗೇ ಮುಗಿಯಿತು! ಬ್ಲೀಚಿಂಗ್ ನೀರು ಮಾತ್ರ ಹೂವಿನ ಪಾತಿಗೆ ಹರಿಯದಂತೆ ನೋಡಿಕೊಳ್ಳಿ. ಗೇಟಿಗೆ ಎಣ್ಣೆ, ಬಣ್ಣ. ತುಳಸಿಕಟ್ಟೆಗೆ ಕೆಮ್ಮಣ್ಣು, ಹೊಸ ತುಳಸಿ ಗಿಡ. ಇಷ್ಟಾದ ಮೇಲೆ ಹೂವಿನ ಮಾತು.

ಆಷಾಢದ ಲೆಕ್ಕ

ಮನೆ ಮಾರುವವರು ಪಂಚಾಂಗ ನೋಡಬೇಕು. ಶಾಸ್ತ್ರಕ್ಕಲ್ಲ, ಗಿಡದ ಲೆಕ್ಕಕ್ಕೆ! ನಮ್ಮ ಕಡೆ ಆಷಾಢದಲ್ಲಿ ಮನೆ ಕೊಳ್ಳುವ ಮಾತು ಎತ್ತುವವರು ಕಡಿಮೆ. ಶ್ರಾವಣ ಹುಟ್ಟಿದರೆ ಓಡಾಟ ಶುರು. ಹಾಗಾಗಿ ಆಷಾಢವೇ ನಮಗೆ ವರ. ಜೂನ್ ಮೊದಲ ವಾರ ನೆಟ್ಟದ್ದು ಆಗಸ್ಟಿನಲ್ಲಿ ಹೂ ಬಿಡಬೇಕು. ಅಂದರೆ ಎಂಟರಿಂದ ಹತ್ತು ವಾರ.

ಅಷ್ಟರಲ್ಲಿ ಬರುವ ಹೂ ಯಾವುದು? ದುಂಡುಮಲ್ಲಿಗೆ, ಪಾರಿಜಾತ ಅಂತ ಆಸೆಪಟ್ಟರೆ ಆಗದು. ಅವು ಬೇರೂರಿ ತುಂಬಿ ನಿಲ್ಲಲು ಕಾಲ ಬೇಕು. ಬೀಜದಿಂದ ಬೇಗ ಬರುವಂಥವು ಕೆಲವಿವೆ: ಗಿಡ್ಡ ಜಾತಿಯ ಗೊಂಡೆ, ಜಿನಿಯಾ, ಕರ್ಣಕುಂಡಲ. ಅದೇ, ಕಾಯಿ ಮುಟ್ಟಿದರೆ ಚಟ್ಟನೆ ಸಿಡಿಯುತ್ತಲ್ಲ, ಅದು. ಇವೆಲ್ಲ ಆರೇಳು ವಾರದಿಂದ ಎರಡು ತಿಂಗಳೊಳಗೆ ಹೂ ಕೊಡುತ್ತವೆ. ಆದರೆ ಶಿರಸಿಯ ಜುಲೈ ಮಳೆಗೆ ಎಳೆ ಸಸಿ ತಡೆಯಬೇಕಲ್ಲ! ನಾನು ಸೂರಿನ ಕೆಳಗೆ ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿ ಸಸಿ ಮಾಡಿ, ನಾಲ್ಕೆಲೆ ಗಟ್ಟಿಯಾದ ಮೇಲೆ ಹೊರಗೆ ನೆಟ್ಟೆ.

ಅಂಗಳಕ್ಕೆ ರಾಣಿ ಬೇಕಲ್ಲ, ಡೇರೆ. ಆಯಿ ಇದ್ದಾಗ ಹದಿನಾಲ್ಕು ಬಣ್ಣದ ಡೇರೆ ನಮ್ಮಲ್ಲಿತ್ತು. ಅಟ್ಟ ಹತ್ತಿ ನೋಡಿದರೆ ಬೂದಿ ಡಬ್ಬಿಯಲ್ಲಿ ಇಟ್ಟಿದ್ದ ಗಡ್ಡೆಗಳೆಲ್ಲ ಒಣಗಿ ಕಟ್ಟಿಗೆ ಆಗಿದ್ದವು. ಒಂದು ಮಳೆಗಾಲ ನೆಡದೆ ಬಿಟ್ಟರೆ ಅಷ್ಟೇ ಅದರ ಕಥೆ. ನಾನು ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದ ಅಕ್ಕ ನೋಡಿದರು, ಏನೂ ಅನ್ನದೆ ಹೋದರು. ಹತ್ತು ನಿಮಿಷಕ್ಕೆ ಮೊರದಲ್ಲಿ ಗಡ್ಡೆ ತುಂಬಿಕೊಂಡು ಬಂದರು. ಒಂದೊಂದಕ್ಕೂ ಕೆಂಪು ಮೊಳಕೆ ಮೂಡಿತ್ತು.

"ತಗಳೇ ತಂಗೀ, ಇದು ನಿನ್ನ ಆಯಿ ಕೊಟ್ಟಿದ್ದೇಯ. ನಂದಲ್ಲ."

ನೋಡಿ, ಮಲೆನಾಡಿನ ಹೆಂಗಸರ ಬ್ಯಾಂಕು ಇದು! ಮಳೆಗಾಲದ ಹೊಸ್ತಿಲಲ್ಲಿ ಗಡ್ಡೆ, ಬೀಜ, ಕಡ್ಡಿ ಮನೆಯಿಂದ ಮನೆಗೆ ಓಡಾಡುತ್ತವೆ. ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಬಳಗ ಇದನ್ನೇ ದೊಡ್ಡದು ಮಾಡಿ, ಮಲೆನಾಡು ಮೇಳವೆಂದು ಬೀಜ ವಿನಿಮಯದ ಸಂತೆಯನ್ನೇ ನಡೆಸಿದೆ. ನಾನು ಹಾವೇರಿಯಿಂದ ಅಕ್ಕನಿಗೆ ಯಾಲಕ್ಕಿ ಹಾರ ತಂದಿದ್ದೆ. ಆ ಮೊರದ ಮುಂದೆ ಅದು ಸಣ್ಣದಾಗಿ ಕಂಡಿತು.

ಈ ಡೇರೆಯೂ ಎಲ್ಲಿಂದಲೋ ಬಂದ ಹೆಣ್ಣೇ. ಇದರ ತವರು ಮೆಕ್ಸಿಕೋ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ತೋಟಕ್ಕೆ ಬಂತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವಾನಿಲ್ಲೆಸ್, ಸ್ವೀಡನ್ನಿನ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟ. 1963ರಲ್ಲಿ ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರಪುಷ್ಪ ಎಂದು ಸಾರಿತು. ನಮ್ಮವರ ಬಾಯಲ್ಲಿ ಅದು ಡೇರೆ ಆಗಿ, ಗೌರಿಯ ಮುಂದೆ ಕೂತಿತು. ಬಂದ ಮನೆಯನ್ನೇ ತನ್ನದು ಮಾಡಿಕೊಂಡಿತು.

ನೆಟ್ಟ ಕ್ರಮ

ಡೇರೆ ಗಡ್ಡೆಗೆ ಮಳೆ ಬೇಕು, ನಿಂತ ನೀರು ಬೇಡ. ಪಾತಿಯನ್ನು ಒಂದು ಗೇಣು ಎತ್ತರ ಮಾಡಿ, ಮರಳು, ಹಳೇ ಸಗಣಿಗೊಬ್ಬರ, ಒಂದು ಹಿಡಿ ಬೂದಿ ಸೇರಿಸಿ. ಗಡ್ಡೆಯ ಕುತ್ತಿಗೆಯಲ್ಲಿ ಮೊಳಕೆಯ ಕಣ್ಣು ಇರುತ್ತದೆ. ಬಿಡಿಸುವಾಗ ಕಣ್ಣು ಒಂದಾದರೂ ಉಳಿಯಬೇಕು, ಕಣ್ಣಿಲ್ಲದ ಗಡ್ಡೆ ಎಷ್ಟು ದಪ್ಪವಿದ್ದರೂ ಹುಟ್ಟದು. ಕಣ್ಣು ಮೇಲಾಗಿ, ನಾಲ್ಕು ಬೆರಳು ಆಳಕ್ಕೆ, ಒಂದೂವರೆ ಅಡಿಗೆ ಒಂದರಂತೆ ನೆಡಿ. ನೆಡುವಾಗಲೇ ಪಕ್ಕದಲ್ಲಿ ಗೂಟ ಹುಗಿಯಿರಿ. ಆಮೇಲೆ ಹುಗಿದರೆ ಗಡ್ಡೆಗೇ ಚುಚ್ಚೀತು. ಮೇಲೆ ದರಕು, ಅಂದರೆ ಒಣ ಎಲೆ, ತೆಳ್ಳಗೆ ಹರಡಿ. ಮೂರ್ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ತುದಿಯಲ್ಲಿ ಮೂರು ಮೊಗ್ಗು ಬಂದಾಗ ಬದಿಯ ಎರಡನ್ನು ತೆಗೆದರೆ ಉಳಿದದ್ದು ದೊಡ್ಡ ಹೂವಾಗುತ್ತದೆ. ಬಸವನಹುಳುವಿನ ಕಾಟ ಇದ್ದೇ ಇರುತ್ತದೆ, ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಿ ತೆಗೆಯುವುದೇ ಮದ್ದು. ಆ ಕೆಲಸ ಅಕ್ಕನ ಮೊಮ್ಮಗ ಮಾಡಿದ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದೆ.

ಜೋಡಿಸುವುದರಲ್ಲೂ ಒಂದು ರೀತಿಯಿದೆ. ಎತ್ತರದ್ದು ಹಿಂದೆ, ಗಿಡ್ಡನೆಯದು ಮುಂದೆ. ಒಂದೊಂದು ಬಣ್ಣ ಒಂದೊಂದು ಗಿಡ ಅಂತ ಚೆಲ್ಲಾಪಿಲ್ಲಿ ಹಚ್ಚಬೇಡಿ. ಒಂದೇ ಬಣ್ಣದ ಮೂರು ಗಿಡ ಒಟ್ಟಿಗೆ ಇದ್ದರೆ ದೂರದಿಂದ ಎದ್ದು ಕಾಣುತ್ತದೆ. ದಾರಿಯಲ್ಲಿ ಇಬ್ಬರು ಕೊಡೆ ಹಿಡಿದು ಜೊತೆಯಾಗಿ ನಡೆಯುವಷ್ಟು ಜಾಗ ಬಿಡಿ. ಕಿಟಕಿ ಮುಚ್ಚುವಂತೆ ಗಿಡ ಬೆಳೆಸಬೇಡಿ, ಬೆಳಕೂ ಮನೆಯ ಬೆಲೆಯೇ. ವಾರಕ್ಕೊಮ್ಮೆ ರಸ್ತೆಗೆ ಹೋಗಿ ಗೇಟಿನ ಎದುರು ನಿಂತು ನೋಡಿ. ಬಾಡಿದ ಹೂ ಆಗಾಗ ಕಿತ್ತು ಹಾಕಿ. ನನಗೆ ಒಟ್ಟು ಆದ ಖರ್ಚು ಎರಡು ಸಾವಿರದೊಳಗೆ, ಅದರಲ್ಲೂ ಹೆಚ್ಚಿನದು ಗೇಟಿನ ಬಣ್ಣಕ್ಕೆ.

ನಿಮ್ಮೂರು ಬಯಲುಸೀಮೆಯಾದರೆ

ಹಾವೇರಿ, ಗದಗ, ಚಿತ್ರದುರ್ಗದ ಕಡೆಯವರು ಡೇರೆಗೆ ಹಂಬಲಿಸುವುದು ಬೇಡ. ನಿತ್ಯಪುಷ್ಪ, ಚೆಂಡುಹೂ, ಜಿನಿಯಾ ಬಿಸಿಲಿಗೆ ಹೆದರುವುದಿಲ್ಲ. ಕಾಂಪೌಂಡು ಇದ್ದರೆ ಕಾಗದದ ಹೂ. ಅದಕ್ಕೆ ನೀರು ಕಡಿಮೆ ಕೊಟ್ಟಷ್ಟೂ ಹೂ ಜಾಸ್ತಿ. ಅಂಗಳವೇ ಇಲ್ಲ, ಬೀದಿಗೆ ಬರೀ ಕಟ್ಟೆ ಅನ್ನುವವರು ಬಾಗಿಲಿನ ಎರಡೂ ಬದಿಗೆ ಒಂದೇ ಥರದ ಎರಡು ಕುಂಡ ಇಡಿ, ಸಾಕು. ಹತ್ತು ಒಡಕು ಡಬ್ಬಿಗಿಂತ ಎರಡು ಒಳ್ಳೇ ಕುಂಡ ಮೇಲು. ದೀಪಾವಳಿಯ ಹೊತ್ತಿಗೆ ಮನೆ ತೋರಿಸುವುದಾದರೆ ಸೇವಂತಿಗೆ. ಹಗಲು ಚಿಕ್ಕದಾದ ಹಾಗೆ ಅದು ಮೊಗ್ಗೊಡೆಯುತ್ತದೆ. ಕಣಗಿಲೆ ಚೆಂದವೇನೋ ಹೌದು, ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳ ಸಂಸಾರ ನೋಡಲು ಬರುವ ಮನೆಯ ಗೇಟಿಗೆ ಅದು ಬೇಡ.

ಬಳ್ಳಿಯ ಹಿಂದಿನ ಬಿರುಕು

ಈಗ ನನ್ನ ತಪ್ಪಿನ ವಿಷಯ. ಹೇಳದೆ ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಜಗುಲಿಯ ನೈರುತ್ಯದ ಗೋಡೆಯಲ್ಲಿ ಒಂದು ಬಿರುಕಿತ್ತು. ಮಳೆ ಆ ಕಡೆಯಿಂದಲೇ ಹೊಡೆಯುವುದು. ಅಪ್ಪ ಇದ್ದಾಗ ಪ್ರತಿ ಮಳೆಗಾಲಕ್ಕೂ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ಬೀಗ ಬಿದ್ದ ಮನೆಗೆ ತಟ್ಟಿ ಕಟ್ಟುವವರು ಯಾರು? ಸೂರಿನ ತಗಡಿನ ದೋಣಿಯೂ ತೂತಾಗಿ ನೀರು ಗೋಡೆಗೇ ಇಳಿದು, ಅಂಗೈ ಉದ್ದದ ಬಿರುಕು ಒಂದು ಮೊಳವಾಗಿತ್ತು. ದಲ್ಲಾಳಿ ನೋಡಿ, "ಅದಕ್ಕೇನು ಯೋಚನೆ ಅಕ್ಕಾ? ಒಂದು ಬಳ್ಳಿ ಹಬ್ಬಿಸಿ ಬಿಡಿ" ಅಂದ. ನನಗೂ ಸರಿಯೆನ್ನಿಸಿತು. ಬಿದಿರಿನ ತಟ್ಟಿ ನಿಲ್ಲಿಸಿ ಶಂಖಪುಷ್ಪ ಹಬ್ಬಿಸಿದೆ. ಆಗಸ್ಟಿಗೆ ಹಸಿರು ಗೋಡೆಯೇ ಎದ್ದಿತು, ಅದರ ತುಂಬ ನೀಲಿ ಹೂ. ಬಿರುಕು ಇತ್ತೆಂದು ನನಗೇ ಮರೆತುಹೋಗಿತ್ತು.

ಶ್ರಾವಣದ ಮೂರನೇ ವಾರ ಒಂದು ಸಂಸಾರ ಬಂತು. ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು, ಜೊತೆಗೆ ವಯಸ್ಸಾದ ಅತ್ತೆ, ಆರು ವರ್ಷದ ಹುಡುಗಿ. ಆ ದಿನ ಮಳೆ ಹೊಳವಾಗಿತ್ತು. ಗೇಟು ತೆಗೆಯುತ್ತಲೇ ಹುಡುಗಿ "ಅಮ್ಮಾ ಹೂ!" ಅಂತ ಓಡಿದಳು. ಅತ್ತೆ ಡೇರೆಯ ಮುಂದೆ ಬಗ್ಗಿ ನಿಂತುಬಿಟ್ಟರು. "ಮುಂಚಿನ ಮನೇಲಿ ನಮ್ಮದೂ ಹೀಗೇ ಇತ್ತು" ಅಂದರು. ಒಳಗೆ ಬಂದರು, ಕಂಬ ಮುಟ್ಟಿ ನೋಡಿದರು, ಬಾವಿ ಇಣುಕಿದರು. ಮಾರ್ಚಿಯಿಂದ ನಾನು ಕಾದದ್ದು ಇದಕ್ಕೇ.

ಹೊರಡುವಾಗ ಆ ಹೆಣ್ಣುಮಗಳು ಜಗುಲಿಯಲ್ಲಿ ನಿಂತು, "ನಂಗೆ ಈ ಮೂಲೇನೇ ತುಂಬ ಹಿಡಿಸಿತು ನೋಡಿ. ಅತ್ತೆ ಮಂಚ ಇಲ್ಲೇ ಹಾಕಬಹುದು" ಅಂದಳು. ಅವಳ ಬೆರಳು ಶಂಖಪುಷ್ಪದ ಕಡೆಗಿತ್ತು.

ನನ್ನ ಎದೆ ಧಸಕ್ಕೆಂದಿತು. ಸುಮ್ಮನೆ ನಕ್ಕೆ.

ಆ ರಾತ್ರಿ ಅಕ್ಕನ ಮನೆಯಲ್ಲಿ ಮಲಗಿದ್ದೆ. ನಿದ್ದೆ ಹತ್ತಲಿಲ್ಲ. ಮಳೆ ಮತ್ತೆ ಹಿಡಿಯಿತು. ಆ ಗೋಡೆಯ ಪಕ್ಕ ಮುದುಕಿಯ ಮಂಚ, ಅದರ ಹಿಂದೆ ಒಸರುವ ನೀರು, ಇದೇ ಕಣ್ಣ ಮುಂದೆ. ಬಂದವರು ಮೆಚ್ಚಲಿ ಅಂತ ಅಂಗಳ ಸಿಂಗರಿಸುವುದು ತಪ್ಪಲ್ಲ. ಆದರೆ ನಾನು ಆ ಮೂಲೆಯಲ್ಲಿ ಮಾಡಿದ್ದು ಸಿಂಗಾರವಲ್ಲ.

ಬೆಳಿಗ್ಗೆ ಫೋನು ಮಾಡಿ ಅವರನ್ನು ಮತ್ತೆ ಕರೆದೆ. ತಟ್ಟಿಯನ್ನು ಬಳ್ಳಿಯ ಸಮೇತ ಸರಿಸಿ ಬಿರುಕು ತೋರಿಸಿದೆ. ಸೂರಿನ ದೋಣಿ ತೂತಾದದ್ದೂ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಗಾರೆಯವರನ್ನು ಕರೆತಂದು ಆಮೇಲೆ ಹೇಳ್ತೇವೆ" ಅಂತ ಹೋದರು. ದಲ್ಲಾಳಿ ಮುಖ ಗಂಟು ಹಾಕಿಕೊಂಡ. ಪುಣೆಯಿಂದ ಅಣ್ಣ, "ನಿನ್ನ ಬಾಯಿಗೆ ಬೀಗ ಇಲ್ಲ" ಅಂತ ಬೈದ.

ನಾಲ್ಕು ದಿನ ಸುದ್ದಿಯಿಲ್ಲ. ಐದನೇ ದಿನ ಗಾರೆ ಮೇಸ್ತ್ರಿಯೊಂದಿಗೆ ಬಂದರು. ತಳಪಾಯ ಗಟ್ಟಿಯಿದೆ, ನೀರಿನ ದಾರಿ ತಪ್ಪಿಸಿ ಬಿರುಕು ತುಂಬಿದರೆ ಸಾಕೆಂದು ಆತ ಹೇಳಿದ. ರಿಪೇರಿಗೆ ನಲವತ್ತು ಸಾವಿರ ಆಗುತ್ತದೆಂದು ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿದರು. ಒಪ್ಪಿದೆವು. ನಲವತ್ತು ಕಳೆದರೂ ಏಪ್ರಿಲಿನಲ್ಲಿ ಬಂದವರು ಹೇಳಿದ್ದಕ್ಕಿಂತ ಬಹಳ ಮೇಲೆಯೇ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯ, ಕೆಡವುವ ಮಾತು ಅವರು ಎತ್ತಲಿಲ್ಲ. ಆಕೆ ಹೇಳಿದ್ದು ಇನ್ನೂ ನೆನಪಿದೆ: "ಗೋಡೆ ಬಿರುಕು ನೀವೇ ತೋರಿಸಿದಿರಿ. ಇನ್ನು ಬಾವಿ ಬತ್ತಲ್ಲ ಅಂದ ಮಾತೂ ನಂಬಬಹುದು ಅನ್ನಿಸಿತು."

ಗಿಡ ಯಾರದ್ದು?

ಒಂದು ಕಿವಿಮಾತು. ಹೂ ನೋಡಿ ಮೆಚ್ಚಿ ಕೊಂಡವರು ಬೀಗದ ಕೈ ತೆಗೆದುಕೊಂಡು ಬಂದಾಗ ಅಂಗಳ ಬೋಳಾಗಿದ್ದರೆ ಬೇಸರವಾಗದೇ? ಎಷ್ಟೋ ಕಡೆ ಜಗಳವಾಗುವುದು ಇಂಥ ಸಣ್ಣದಕ್ಕೇ. ನೆಲದಲ್ಲಿ ನೆಟ್ಟದ್ದು ಮನೆಯ ಜೊತೆಗೆ ಅಂತ ಇಟ್ಟುಕೊಳ್ಳಿ. ಕುಂಡದ ಗಿಡ ಒಯ್ಯುವುದಿದ್ದರೆ ಕರಾರಿಗೆ ಮುಂಚೆಯೇ ಇದಿದು ನಮ್ಮದು ಎಂದು ಹೇಳಿಬಿಡಿ. ತುಳಸಿಯನ್ನು ಕೀಳಬೇಡಿ, ಬೇಕಾದರೆ ಬೀಜ ಉದುರಿಸಿಕೊಳ್ಳಿ.

ನವರಾತ್ರಿ ಕಳೆದ ಮೇಲೆ ನೋಂದಣಿಯಾಯಿತು. ಕೈ ಕೊಡುವಾಗ ಆಕೆಗೆ ಡೇರೆ ಪಾಠ ಹೇಳಿದೆ: ಗಿಡ ಒಣಗಿದ ಮೇಲೆ ಗಡ್ಡೆ ಕೀಳಬೇಕು, ನೆರಳಲ್ಲಿ ಒಣಗಿಸಬೇಕು, ಒಣ ಬೂದಿ ಇಲ್ಲವೇ ಮರಳಿನಲ್ಲಿ ಇಡಬೇಕು, ಪ್ರತಿ ವರ್ಷ ನೆಡಲೇಬೇಕು. "ಮತ್ತೆ ನಾಲ್ಕು ಮನೆಗೆ ಕೊಡಬೇಕು. ನಿಮ್ಮದು ಸತ್ತರೆ ಅವರ ಮನೆಯಿಂದ ವಾಪಸು ಬರುತ್ತದೆ" ಅಂದೆ. ಪಕ್ಕದ ಅಕ್ಕ ಬೇಲಿಯಾಚೆಯಿಂದ ತಲೆ ಆಡಿಸಿದರು.

ಡಿಸೆಂಬರಿನಲ್ಲಿ ಅವರು ನನಗೂ ಎರಡು ಗಡ್ಡೆ ಕಳಿಸಿಕೊಟ್ಟರು. ಒಂದು ಕೆಂಪು, ಒಂದು ಬಿಳಿ ತುದಿಯ ಗುಲಾಬಿ. ಹಾವೇರಿಯ ಮಣ್ಣಿಗೆ ಬಗ್ಗುತ್ತವೋ ಇಲ್ಲವೋ, ಕುಂಡದಲ್ಲಿ ನೆಟ್ಟಿದ್ದೇನೆ.

ಈ ಜೂನಿನಲ್ಲಿ ಒಂದು ದಿನ ಅಡುಗೆ ಮಾಡುತ್ತಿದ್ದಾಗ ಫೋನು ಬಂತು. ಆ ಪುಟ್ಟ ಹುಡುಗಿ. ಹಿಂದೆ ಧೋ ಎಂದು ಮಳೆಯ ಸದ್ದು. "ಅತ್ತೇ, ನಿಮ್ಮ ಆಯಿ ಡೇರೆ ಮೊಳಕೆ ಬಂತು!"

ಒಗ್ಗರಣೆ ಸೀದುಹೋಯಿತು. ಹೋಗಲಿ ಬಿಡಿ.